ಮನೆಯಲ್ಲಿರುವುದು ಐದು, ರೂಟರಿನ ಪಟ್ಟಿಯಲ್ಲಿ ಹದಿನಾಲ್ಕು

ಕಲ್ಯಾಣನಗರದ_ಮೇಷ್ಟ್ರು · ಭಾನುವಾರ, ಬೆಳಿಗ್ಗೆ 7:10

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು, ಕಲ್ಯಾಣ ನಗರ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವನು. ಈಗ ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ನೆಟ್ ಬಳಸುವ ವಸ್ತು ಎಣಿಸಿದರೆ ಐದು. ಎರಡು ಫೋನು, ಟಿವಿ, ಮಗ ಬಿಟ್ಟು ಹೋದ ಲ್ಯಾಪ್‌ಟಾಪು, ಗೇಟಿನ ಕ್ಯಾಮೆರಾ.

ರಾತ್ರಿ ಒಂಬತ್ತಕ್ಕೆ ಬೆಂಗಳೂರಿನಿಂದ ಮೊಮ್ಮಗಳು ವಿಡಿಯೋ ಕಾಲ್ ಮಾಡುತ್ತಾಳೆ. ಒಂದು ತಿಂಗಳಿಂದ ಅವಳ ಮುಖ ತುಂಡು ತುಂಡಾಗಿ ಬರುತ್ತಿದೆ. ಲೈನಿನವರು ಬಂದು ನೋಡಿದರು. "ಸಾರ್, 100 ಎಂಬಿಪಿಎಸ್ ಸರಿಯಾಗೇ ಬರ್ತಿದೆ. ನಿಮ್ಮ ಒಳಗೇ ಯಾರೋ ಎಳೀತಿದ್ದಾರೆ" ಅಂದು ಹೋದರು. ಒಳಗೆ ಎಳೆಯುವವರು ಯಾರಪ್ಪ, ನಾವಿಬ್ಬರೂ ಹತ್ತಕ್ಕೆ ಮಲಗುವವರು.

ಮಗ ಫೋನಿನಲ್ಲೇ ಹೇಳಿಕೊಟ್ಟ. ಬ್ರೌಸರಿನಲ್ಲಿ 192.168.1.1 ಅಂತ ಹಾಕಿ ರೂಟರಿನ ಪುಟ ತೆಗೆದೆ. ಪಟ್ಟಿಯಲ್ಲಿ ಹದಿನಾಲ್ಕು ಹೆಸರು! ನಿನ್ನೆ ಸಂಜೆ ವೈಫೈ ಪಾಸ್‌ವರ್ಡ್ ಬದಲಾಯಿಸಿದೆ. ಮೊದಲು ನನ್ನ ಮೊಬೈಲ್ ನಂಬರೇ ಇತ್ತು. ಹೊಸದನ್ನು ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ಅವಳು ಯಾರಿಗೂ ಹೇಳುವವಳಲ್ಲ. ರಾತ್ರಿ ಒಂಬತ್ತೂವರೆಗೆ ನೋಡಿದರೆ ಮತ್ತೆ ಹದಿನಾಲ್ಕು. ಇದು ಹೇಗೆ?

---

ಬೇಲೂರು_ಲೋಕಲ್ · ಭಾನುವಾರ, ಬೆಳಿಗ್ಗೆ 7:48

ಮೇಷ್ಟ್ರೇ, ಸಿಂಪಲ್ಲು. ವೈಫೈ ಹೆಸರನ್ನೇ ಅಡಗಿಸಿಬಿಡಿ. ಕಾಣದಿದ್ದರೆ ಕದಿಯುವುದು ಹೇಗೆ? ಜೊತೆಗೆ ಮ್ಯಾಕ್ ಫಿಲ್ಟರ್, ಅಂದರೆ ಒಂದೊಂದು ವಸ್ತುವಿಗೂ ಇರುವ ಗುರುತಿನ ನಂಬರ್ ನೋಡಿ ಒಳಗೆ ಬಿಡುವುದು, ಅದನ್ನ ಹಾಕಿ ನಿಮ್ಮ ಐದು ವಸ್ತುವಿಗೆ ಮಾತ್ರ ಪರ್ಮಿಶನ್ ಕೊಡಿ. ನಾನು ನಾಲ್ಕು ವರ್ಷದಿಂದ ಹಾಗೇ ಮಾಡಿದ್ದೇನೆ, ಒಬ್ಬನೂ ಬಂದಿಲ್ಲ.

---

ರೂಮ್_ನಂಬರ್_7 · ಭಾನುವಾರ, ಬೆಳಿಗ್ಗೆ 9:20

ಸಾರ್, ನಾನು ಹಾಸನದಲ್ಲಿ ಪಿಜಿಯಲ್ಲಿರುವವನು. ಬೈಯುವುದಿಲ್ಲ ಅಂದರೆ ಒಂದು ಮಾತು ಕೇಳುತ್ತೇನೆ. ನಿಮ್ಮ ಮನೆ ಮುಂದೆ "ಮನೆ ಬಾಡಿಗೆಗೆ ಇದೆ" ಅನ್ನೋ ಬೋರ್ಡ್ ಇದೆಯಾ? ಅದರಲ್ಲಿ ನಿಮ್ಮ ನಂಬರ್ ಇದೆಯಾ?

---

ಕಲ್ಯಾಣನಗರದ_ಮೇಷ್ಟ್ರು · ಭಾನುವಾರ, ಬೆಳಿಗ್ಗೆ 9:31

ಇದೆ. ಮಹಡಿ ಮನೆ ಖಾಲಿ ಇದೆ. ಯಾಕಪ್ಪ?

---

ರೂಮ್_ನಂಬರ್_7 · ಭಾನುವಾರ, ಬೆಳಿಗ್ಗೆ 9:40

ಪಿಜಿ ಹುಡುಗರು ಮೊದಲು ಹಾಕಿ ನೋಡುವುದೇ ಅದನ್ನ ಸಾರ್. ಬೋರ್ಡಿನ ನಂಬರ್, ಅಂಗಡಿ ಬೋರ್ಡಿನ ನಂಬರ್, ಗೇಟಿನ ಮೇಲಿನ ಮನೆ ಹೆಸರಿನ ಮುಂದೆ 123. ಹ್ಯಾಕಿಂಗ್ ಗೀಕಿಂಗ್ ಏನೂ ಬೇಡ. ಅದೂ ಆಗದಿದ್ದರೆ ಆ ಮನೆ ಮಕ್ಕಳನ್ನ ಮಾತಾಡಿಸುವುದು. ಗೇಮ್ ಆಡೋಣ ಬಾ ಅಂದರೆ ಅವರೇ ಕ್ಯೂಆರ್ ಕೋಡ್ ತೆಗೆದು ತೋರಿಸುತ್ತಾರೆ. ಒಬ್ಬನಿಗೆ ಸಿಕ್ಕರೆ ಸಂಜೆಯೊಳಗೆ ಇಡೀ ಪಿಜಿಗೆ ಸಿಕ್ಕ ಹಾಗೆ.

ಆದರೆ ನೀವು ಪಾಸ್‌ವರ್ಡ್ ಬದಲಾಯಿಸಿದ ಮೇಲೂ ಬಂದಿದ್ದಾರೆ ಅಂದರೆ ನನಗೂ ಗೊತ್ತಾಗುತ್ತಿಲ್ಲ.

---

ಏಣಿ_ಹತ್ತುವವ · ಭಾನುವಾರ, ಬೆಳಿಗ್ಗೆ 11:05

ಸಕಲೇಶಪುರ, ಆಲೂರು ಕಡೆ ಫೈಬರ್ ಲೈನಿನ ಕೆಲಸ ನನ್ನದು. ಹುಡುಗ ಹೇಳಿದ್ದು ನಿಜ. ಅದರಲ್ಲಿ ನಮ್ಮ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಕನೆಕ್ಷನ್ ಕೊಡುವಾಗ "ಪಾಸ್‌ವರ್ಡ್ ಏನಿಡಲಿ?" ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನ "ನೀನೇ ಏನಾದ್ರೂ ಇಡಪ್ಪ" ಅನ್ನುತ್ತಾರೆ. ಕಷ್ಟದ್ದು ಇಟ್ಟರೆ ಮಾರನೇ ದಿನ "ಮರೆತುಹೋಯ್ತು" ಅಂತ ಫೋನು. ಅದಕ್ಕೇ ಅವರ ಮೊಬೈಲ್ ನಂಬರೇ ಇಟ್ಟು ಬರುವುದು.

ಇನ್ನೊಂದು ಹೇಳಲೇಬೇಕು. ಏಪ್ರಿಲ್, ಮೇನಲ್ಲಿ ಗುಡುಗು ಮಳೆ ಶುರುವಾದರೆ ನಮ್ಮ ಕಡೆ ರೂಟರ್ ಬಾಕ್ಸುಗಳು ಸುಡುತ್ತವೆ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಸಿಡಿಲಿನ ಹೊಡೆತ ಬರುವುದು ಅಡಾಪ್ಟರ್ ಮೂಲಕ. ಹೊಸ ಬಾಕ್ಸ್ ಇಟ್ಟಾಗ ನೀವು ಮೊದಲು ಮಾಡಿಕೊಂಡ ಸೆಟ್ಟಿಂಗ್ ಒಂದೂ ಇರುವುದಿಲ್ಲ, ಎಲ್ಲ ಫ್ಯಾಕ್ಟರಿಯಿಂದ ಬಂದ ಹಾಗೇ. ನಾವು ವೈಫೈ ಹೆಸರು, ಪಾಸ್‌ವರ್ಡ್ ಮಾತ್ರ ಹಳೆಯದನ್ನೇ ಹಾಕಿ ಬರುತ್ತೇವೆ. ಫೋನೆಲ್ಲ ತಾನೇ ಸೇರಿಕೊಳ್ಳುತ್ತದೆ. ಮನೆಯವರಿಗೆ ಎಲ್ಲ ಮೊದಲಿನ ಹಾಗೇ ಇದೆ ಅನಿಸುತ್ತದೆ.

---

ಸಾಲಗಾಮೆರಸ್ತೆ_ಲ್ಯಾಬ್ · ಭಾನುವಾರ, ಮಧ್ಯಾಹ್ನ 12:30

ಹಾಸನದಲ್ಲಿ ಡಿಪ್ಲೊಮಾ ಮಕ್ಕಳಿಗೆ ನೆಟ್‌ವರ್ಕ್ ಲ್ಯಾಬ್ ತೆಗೆದುಕೊಳ್ಳುತ್ತೇನೆ. ಸರ್, ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಿಮ್ಮ ಬಾಕ್ಸಿಗೆ ಎರಡು ಪಾಸ್‌ವರ್ಡ್ ಇರುತ್ತವೆ. ಒಂದು ವೈಫೈಯದ್ದು, ಫೋನಿನಲ್ಲಿ ಹಾಕುವುದು. ಇನ್ನೊಂದು 192.168.1.1ಕ್ಕೆ ಹೋದಾಗ ಕೇಳುವುದು, ಅದು ರೂಟರಿನ ಯಜಮಾನಿಕೆಯ ಪಾಸ್‌ವರ್ಡ್. ನೀವು ಮೊದಲನೆಯದನ್ನು ಬದಲಾಯಿಸಿದ್ದೀರಿ. ಎರಡನೆಯದಕ್ಕೆ ಏನು ಹಾಕಿ ಒಳಗೆ ಹೋದಿರಿ? ಅಡ್ಮಿನ್, ಅಡ್ಮಿನ್ ಅಂತಾನಾ?

ಹೌದಾದರೆ, ನಿಮ್ಮ ವೈಫೈಗೆ ಸೇರಿದ ಯಾರು ಬೇಕಾದರೂ ಅದೇ ಪುಟಕ್ಕೆ ಹೋಗಿ ನೀವು ಇಟ್ಟ ಹೊಸ ಪಾಸ್‌ವರ್ಡನ್ನು ಓದಿಕೊಳ್ಳಬಹುದು. ಅಷ್ಟೇ ಆದರೆ ಪರವಾಗಿಲ್ಲ. ಅಲ್ಲಿ ಡಿಎನ್‌ಎಸ್ ಅಂತ ಒಂದು ಜಾಗವಿದೆ. ಬ್ಯಾಂಕಿನ ಹೆಸರು ಟೈಪ್ ಮಾಡಿದರೆ ಅದು ಯಾವ ನಂಬರಿನ ಕಂಪ್ಯೂಟರಿಗೆ ಹೋಗಬೇಕು ಅಂತ ದಾರಿ ಹೇಳುವವನು ಅವನು. ಅಲ್ಲಿ ಕಳ್ಳನ ವಿಳಾಸ ಕೂರಿಸಿದರೆ ಮನೆಯ ಎಲ್ಲ ಫೋನೂ ದಾರಿ ಕೇಳುವುದು ಕಳ್ಳನ ಹತ್ತಿರ. ಹೀಗೆ ಡಿಎನ್‌ಎಸ್ ತಿರುಗಿಸಿ ದುಡ್ಡು ಮಾಡುತ್ತಿದ್ದ ಒಂದು ಗುಂಪನ್ನು ಎಫ್‌ಬಿಐ 2011ರ ನವೆಂಬರಿನಲ್ಲಿ ಹಿಡಿಯಿತು. ಆ ಹೊತ್ತಿಗೆ 40 ಲಕ್ಷ ಕಂಪ್ಯೂಟರುಗಳು ಅವರ ಬಲೆಗೆ ಬಿದ್ದಿದ್ದವು.

ಬೇಲೂರಿನವರಿಗೆ: ಹೆಸರು ಅಡಗಿಸುವುದರಿಂದ ಏನೂ ಉಪಯೋಗವಿಲ್ಲ. ಉಚಿತವಾಗಿ ಸಿಗುವ ಸಾಫ್ಟ್‌ವೇರಿಗೆ ಅಡಗಿದ ಹೆಸರೂ ಕಾಣುತ್ತದೆ. ತಮಾಷೆ ಏನೆಂದರೆ, ಅಡಗಿಸಿದ ವೈಫೈ ನೆನಪಿಟ್ಟುಕೊಂಡ ಫೋನು ಹೋದಲ್ಲೆಲ್ಲ "ನೀನಿದ್ದೀಯಾ, ನೀನಿದ್ದೀಯಾ" ಅಂತ ಆ ಹೆಸರು ಹಿಡಿದು ಕೂಗುತ್ತಿರುತ್ತದೆ. ನೀವು ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ನಿಮ್ಮ ಮನೆ ವೈಫೈ ಹೆಸರು ಅಲ್ಲಿ ಕೇಳಿಸುತ್ತದೆ. ಮ್ಯಾಕ್ ಫಿಲ್ಟರೂ ಅಷ್ಟೇ. ಗಾಳಿಯಲ್ಲಿ ಹೋಗುವ ಮ್ಯಾಕ್ ವಿಳಾಸ ನೋಡಿ ಅದನ್ನೇ ತನ್ನದು ಅಂತ ಹಾಕಿಕೊಳ್ಳುವುದು ಎರಡು ನಿಮಿಷದ ಕೆಲಸ. ಮೇಲಾಗಿ ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಫೋನುಗಳು ವೈಫೈಗೊಂದು ಸುಳ್ಳು ಮ್ಯಾಕ್ ಹಾಕಿಕೊಳ್ಳುತ್ತವೆ. ಕಳ್ಳನನ್ನು ತಡೆಯಲು ಹೋಗಿ ನಾದಿನಿ ಬಂದಾಗ ಅವರನ್ನೇ ತಡೆದಿರಿ ಅಂತ ಆಗುತ್ತದೆ.

---

ಬೇಲೂರು_ಲೋಕಲ್ · ಭಾನುವಾರ, ಮಧ್ಯಾಹ್ನ 12:52

ನಾದಿನಿ ವಿಷಯ ಹೇಗೆ ಗೊತ್ತಾಯ್ತು ಮೇಡಂ? ನಿಜವಾಗಲೂ ಕಳೆದ ಹಬ್ಬದಲ್ಲಿ ಆಗಿದ್ದು ಅದೇ. ನಾಲ್ಕು ವರ್ಷದಿಂದ ಯಾರೂ ಬಂದಿಲ್ಲ ಅಂದೆನಲ್ಲ, ನಮ್ಮ ಮನೆ ಗದ್ದೆ ಮಧ್ಯೆ ಇದೆ. ಅದನ್ನ ಹೇಳಬೇಕಿತ್ತು.

---

ಕಲ್ಯಾಣನಗರದ_ಮೇಷ್ಟ್ರು · ಭಾನುವಾರ, ಸಂಜೆ 4:15

ಮೇಡಂ, ನೀವು ಹೇಳಿದ್ದು ಸರಿ. ಅಡ್ಮಿನ್, ಅಡ್ಮಿನ್ ಅಂತಲೇ ಇತ್ತು. ಬದಲಾಯಿಸಿದೆ. ಡಿಎನ್‌ಎಸ್ ನೋಡಿದೆ, "ಆಟೋ" ಅಂತಿದೆ. ಇನ್ನೊಂದು ಕಡೆ ಡಬ್ಲ್ಯುಪಿಎಸ್ ಅಂತ ಇತ್ತು, ಆನ್ ಆಗಿತ್ತು. ಅದೇನು? ಮೊಬೈಲ್ ನಂಬರ್ ಇಟ್ಟರೆ ನಿಜವಾಗಿ ಅಷ್ಟು ಅಪಾಯವಾ? ಹತ್ತು ಅಂಕಿ ಇದೆಯಲ್ಲ.

---

ಸಾಲಗಾಮೆರಸ್ತೆ_ಲ್ಯಾಬ್ · ಭಾನುವಾರ, ಸಂಜೆ 5:40

ನೀವು ಗಣಿತದವರು, ಲೆಕ್ಕದಲ್ಲೇ ಹೇಳುತ್ತೇನೆ.

ಡಬ್ಲ್ಯುಪಿಎಸ್ ಅಂದರೆ ಪಾಸ್‌ವರ್ಡ್ ಹಾಕದೆ ಎಂಟು ಅಂಕಿಯ ಪಿನ್ ಕೊಟ್ಟು ಸೇರಿಕೊಳ್ಳುವ ದಾರಿ. ಎಂಟನೆಯ ಅಂಕಿ ಮೊದಲ ಏಳರಿಂದ ಲೆಕ್ಕ ಹಾಕಿ ಬರುವ ತಾಳೆಯ ಅಂಕಿ. ಹಾಗಾಗಿ ಊಹಿಸಬೇಕಾದದ್ದು ಏಳು, ಅಂದರೆ ಒಂದು ಕೋಟಿ. ಆದರೆ ಮೊದಲ ನಾಲ್ಕು ಅಂಕಿ ತಪ್ಪಿದ್ದರೆ ರೂಟರ್ ಅಲ್ಲೇ ತಪ್ಪು ಅಂತ ಹೇಳಿಬಿಡುತ್ತದೆ. ಮೊದಲ ನಾಲ್ಕಕ್ಕೆ 10,000. ಉಳಿದ ಮೂರಕ್ಕೆ 1,000. ಒಟ್ಟು 11,000 ಪ್ರಯತ್ನ, ಅಷ್ಟರಲ್ಲಿ ಬಾಗಿಲು ತೆರೆಯುತ್ತದೆ. ಇದು 2011ರಲ್ಲೇ ಬಯಲಾಯಿತು. ಈಚಿನ ರೂಟರುಗಳು ಕೆಲವು ಸಲ ತಪ್ಪಿದರೆ ಬಾಗಿಲು ಹಾಕಿಕೊಳ್ಳುತ್ತವೆ. ಆದರೂ ಮನೆಯಲ್ಲಿ ಅದು ಬೇಕಾಗುವುದೇ ಇಲ್ಲ. ಆಫ್ ಮಾಡಿ.

ಮೊಬೈಲ್ ನಂಬರ್ ವಿಷಯ. ನಮ್ಮ ದೇಶದ ನಂಬರ್ ಶುರುವಾಗುವುದು 6, 7, 8, 9ರಿಂದ. ಉಳಿದ ಒಂಬತ್ತು ಜಾಗ. ಎಷ್ಟಾಯಿತು, ನೀವೇ ಹೇಳಿ.

---

ಕಲ್ಯಾಣನಗರದ_ಮೇಷ್ಟ್ರು · ಭಾನುವಾರ, ಸಂಜೆ 5:58

400 ಕೋಟಿ. ಜಾಸ್ತಿಯೇ ಆಯ್ತಲ್ಲ?

ಡಬ್ಲ್ಯುಪಿಎಸ್ ಲೆಕ್ಕ ಓದಿ ನಗು ಬಂತು. ಗುಣಿಸಬೇಕಾದ ಕಡೆ ಕೂಡಿಸುವ ಹಾಗೆ ಮಾಡಿಟ್ಟಿದ್ದಾರೆ. ನನ್ನ ಎಂಟನೇ ಕ್ಲಾಸಿನ ಹುಡುಗರು ಮಾಡುತ್ತಿದ್ದ ತಪ್ಪು ಇದು. ಆಫ್ ಮಾಡಿದೆ.

---

ಸಾಲಗಾಮೆರಸ್ತೆ_ಲ್ಯಾಬ್ · ಭಾನುವಾರ, ಸಂಜೆ 6:20

ನಿಮ್ಮ ಗೇಟಿನಲ್ಲಿ ನಿಂತು ಒಂದೊಂದಾಗಿ ಹಾಕಿ ನೋಡುವವನಿಗೆ 400 ಕೋಟಿ ಜಾಸ್ತಿ. ಆದರೆ ಹಾಗೆ ಮಾಡಬೇಕಿಲ್ಲ ಸರ್. ವೈಫೈಗೆ ಹಾಕುವ ಬೀಗದಲ್ಲಿ ಹಲವು ತಲೆಮಾರು ಇವೆ, ಡಬ್ಲ್ಯುಪಿಎ2 ಅನ್ನುವುದು ಒಂದು. ಅದರಲ್ಲಿ ನಿಮ್ಮ ಫೋನು ರೂಟರಿಗೆ ಸೇರುವಾಗ ಇಬ್ಬರ ನಡುವೆ ಒಂದು ಪರಿಚಯದ ಮಾತುಕತೆ ನಡೆಯುತ್ತದೆ. ಪಾಸ್‌ವರ್ಡ್ ಅದರಲ್ಲಿ ನೇರವಾಗಿ ಹೋಗುವುದಿಲ್ಲ, ಅದರ ನೆರಳು ಇರುತ್ತದೆ. ರಸ್ತೆಯಲ್ಲಿ ಕೂತವನು ಆ ಮಾತುಕತೆಯನ್ನು ಒಂದು ಸಲ ರೆಕಾರ್ಡ್ ಮಾಡಿಕೊಂಡರೆ ಸಾಕು. ಮನೆಗೆ ಹೋಗಿ ಆರಾಮಾಗಿ ತಾಳೆ ನೋಡಬಹುದು. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಕಂಪ್ಯೂಟರ್ ಸೆಕೆಂಡಿಗೆ ಲಕ್ಷಗಟ್ಟಲೆ ಪಾಸ್‌ವರ್ಡ್ ತಾಳೆ ನೋಡುತ್ತದೆ. ಸೆಕೆಂಡಿಗೆ ಐದು ಲಕ್ಷ ಅಂದುಕೊಂಡರೂ ನಿಮ್ಮ 400 ಕೋಟಿ ಮುಗಿಯಲು 8,000 ಸೆಕೆಂಡು. ಸುಮಾರು ಎರಡೂಕಾಲು ಗಂಟೆ.

ಡಬ್ಲ್ಯುಪಿಎ3 ಅಂತ 2018ರಲ್ಲಿ ಬಂತು, ಅದರಲ್ಲಿ ಹೀಗೆ ಮನೆಗೆ ಒಯ್ದು ತಾಳೆ ನೋಡಲಾಗುವುದಿಲ್ಲ. ನಿಮ್ಮ ಬಾಕ್ಸಿನಲ್ಲಿ ಅದಿದ್ದರೆ ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎರಡೂ ಸೇರಿದ ಮೋಡ್ ಹಾಕಿ. ಕೆಲವು ಹಳೆ ಟಿವಿ, ಕ್ಯಾಮೆರಾಗಳು ಬರೀ ಡಬ್ಲ್ಯುಪಿಎ3ಗೆ ಸೇರುವುದಿಲ್ಲ. ಇಲ್ಲದಿದ್ದರೆ ಡಬ್ಲ್ಯುಪಿಎ2 ಎಇಎಸ್ ಸಾಕು, ಪಾಸ್‌ವರ್ಡ್ ಉದ್ದ ಇರಲಿ. ಎಇಎಸ್ ಬದಲು ಟಿಕೆಐಪಿ ಅಂತಿದ್ದರೆ ಬೇಡ, ಅದು ಹಳೆಯ ಬಗೆಯ ಬೀಗ. ಡಬ್ಲ್ಯುಇಪಿ ಅಂತಿದ್ದರೆ ಆ ರೂಟರನ್ನೇ ಬಿಸಾಡಿ, ಅದರ ಬೀಗ 2001ರಲ್ಲೇ ಮುರಿದಿದೆ.

ಉದ್ದ ಅಂದರೆ ಎಂಟರಿಂದ 63 ಅಕ್ಷರದವರೆಗೆ ಇಡಬಹುದು. ಕನ್ನಡ ಲಿಪಿ ತೆಗೆದುಕೊಳ್ಳುವುದಿಲ್ಲ, ಆದರೆ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬಹುದಲ್ಲ. ಹಲಸು, ಏಣಿ, ಕಂಬಳಿ, ಮಜ್ಜಿಗೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ. ನಾನು ಬರೆದದ್ದನ್ನೇ ಹಾಕಬೇಡಿ. ದೇವರ ಹೆಸರು, ಮೊಮ್ಮಗಳ ಹೆಸರು ಬೇಡ.

---

ಆಲ್ದೂರು_ತೋಟದವ · ಭಾನುವಾರ, ರಾತ್ರಿ 8:05

ಮಾರಾಯ್ರೇ, ನನ್ನದೊಂದು ಪ್ರಶ್ನೆ. ಮೇಷ್ಟ್ರು ತಪ್ಪು ತಿಳಿಯಬಾರದು. ಪಕ್ಕದಲ್ಲಿ ಓದುವ ಮಕ್ಕಳಿದ್ದಾರೆ ಅಂತಾದರೆ ಒಂದಷ್ಟು ನೆಟ್ ಬಳಸಿಕೊಳ್ಳಲಿ ಬಿಡಿ, ಏನು ಗಂಟು ಹೋಗುತ್ತದೆ? ಡೇಟಾಗೇನು ತೂಕ ಹಾಕುತ್ತಾರಾ?

ನಮ್ಮಲ್ಲಿ ಆಲ್ದೂರು ಹತ್ತಿರ ಆರು ರೂಮಿನ ಹೋಂಸ್ಟೇ ಇದೆ. ಊಟದ ಮನೆ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದ್ದೇವೆ. ಮುಳ್ಳಯ್ಯನಗಿರಿಗೆ ಹೋಗಿ ಬಂದವರು ಮೊದಲು ಕೇಳುವುದು ಬಿಸಿನೀರು, ಆಮೇಲೆ ವೈಫೈ. ಕೆಲವರು ಉಲ್ಟಾ.

---

ಏಣಿ_ಹತ್ತುವವ · ಭಾನುವಾರ, ರಾತ್ರಿ 8:40

ತೋಟದ ಸಾಹುಕಾರ್ರೇ, ಡೇಟಾ ಹೋದರೆ ಹೋಗಲಿ. ಆ ಲೈನು ಯಾರ ಹೆಸರಲ್ಲಿದೆ ಅನ್ನುವುದು ಮುಖ್ಯ. ಯಾರಾದರೂ ಅದರಿಂದ ಬೆದರಿಕೆ ಮೇಲ್ ಕಳಿಸಿದರೆ, ಯಾರದೋ ದುಡ್ಡು ಹೊಡೆದರೆ, ಪೊಲೀಸರಿಗೆ ಸಿಗುವುದು ಐಪಿ ವಿಳಾಸ. ಅದು ತೋರಿಸುವುದು ಬಿಲ್ ಕಟ್ಟುವವರ ಮನೆಯನ್ನ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬ್ ಸಿಡಿಯುವ ಕೆಲವೇ ನಿಮಿಷ ಮೊದಲು ಟಿವಿ ಚಾನೆಲ್‌ಗಳಿಗೆ ಮೇಲ್ ಹೋಯಿತಲ್ಲ, ಅದು ಹೋಗಿದ್ದು ನವಿ ಮುಂಬೈಯಲ್ಲಿದ್ದ ಒಬ್ಬ ವಿದೇಶಿಯವರ ಮನೆ ವೈಫೈಯಿಂದ. ಬೀಗ ಸರಿ ಇರಲಿಲ್ಲ, ಬೇರೆಯವರು ಬಳಸಿದ್ದರು. ಪೊಲೀಸರು ಮೊದಲು ಹೋಗಿದ್ದು ಅವರ ಮನೆಗೇ. ನಮಗೆ ಟ್ರೇನಿಂಗಿನಲ್ಲಿ ಇದನ್ನ ಹೇಳಿದ್ದರು, ಮರೆತಿಲ್ಲ.

ಇನ್ನು ನಿಮ್ಮ ಹೋಂಸ್ಟೇ. ಗೋಡೆ ಮೇಲಿನ ಕೋಡ್ ತೋಟದ ಕ್ಯಾಮೆರಾ ಇರುವ ನೆಟ್‌ವರ್ಕಿನದ್ದೇನಾ?

---

ಆಲ್ದೂರು_ತೋಟದವ · ಭಾನುವಾರ, ರಾತ್ರಿ 8:55

ಇರುವುದೇ ಒಂದು ನೆಟ್‌ವರ್ಕು ಮಾರಾಯ. ಕಣದಲ್ಲಿ ಎರಡು, ಗೋಡೌನಿಗೆ ಒಂದು, ಗೇಟಿಗೆ ಒಂದು ಕ್ಯಾಮೆರಾ. ಕಾಫಿ ಒಣಗುವ ಕಾಲದಲ್ಲಿ ರಾತ್ರಿ ಕಾವಲಿಗೆ ಆಳು ಸಿಗುವುದಿಲ್ಲ, ಹಾಗಾಗಿ ಹಾಕಿಸಿದ್ದು. ಬೆಂಗಳೂರಿಗೆ ಹೋದಾಗಲೂ ಕಾಣಲಿ ಅಂತ ಕ್ಯಾಮೆರಾದವರು ಸ್ಟಾಟಿಕ್ ಐಪಿ ತೆಗೆಸಿ ಏನೋ "ಪೋರ್ಟ್ ಓಪನ್" ಮಾಡಿಕೊಟ್ಟಿದ್ದಾರೆ. ಯೂಸರ್ ಅಡ್ಮಿನ್, ಪಾಸ್‌ವರ್ಡ್ 12345.

---

ಸಾಲಗಾಮೆರಸ್ತೆ_ಲ್ಯಾಬ್ · ಭಾನುವಾರ, ರಾತ್ರಿ 9:25

ಮೇಷ್ಟ್ರ ಕಥೆಗಿಂತ ನಿಮ್ಮದು ಗಾಬರಿ ಹುಟ್ಟಿಸುತ್ತಿದೆ.

ಸಾಮಾನ್ಯವಾಗಿ ನಮ್ಮ ಊರುಗಳ ಎಷ್ಟೋ ಲೈನುಗಳಲ್ಲಿ ಹಲವು ಮನೆಗೆ ಸೇರಿ ಹೊರಗಿನ ವಿಳಾಸ ಒಂದೇ ಇರುತ್ತದೆ. ಹೊರಗಿನವನಿಗೆ ನೇರವಾಗಿ ನಿಮ್ಮ ಬಾಗಿಲು ಸಿಗುವುದು ಕಷ್ಟ. ನೀವು ದುಡ್ಡು ಕೊಟ್ಟು ಸ್ವಂತ ವಿಳಾಸ ತೆಗೆದುಕೊಂಡು, ಬಾಗಿಲನ್ನೂ ತೆಗೆದಿಟ್ಟು, 12345 ಅನ್ನೋ ಚಿಲಕ ಹಾಕಿದ್ದೀರಿ. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಮಾಡಿದ್ದು ಇಷ್ಟೇ. ಫ್ಯಾಕ್ಟರಿಯಿಂದ ಬರುವ ಅರವತ್ತು ಚಿಲ್ಲರೆ ಯೂಸರ್, ಪಾಸ್‌ವರ್ಡ್ ಜೋಡಿಗಳನ್ನು ಇಟ್ಟುಕೊಂಡು ಇಡೀ ಇಂಟರ್ನೆಟ್ ತಟ್ಟುತ್ತಾ ಹೋಯಿತು. ಕ್ಯಾಮೆರಾ, ರೆಕಾರ್ಡರ್, ರೂಟರುಗಳು ಲಕ್ಷಗಟ್ಟಲೆ ಸಿಕ್ಕವು. ಆ ಸೈನ್ಯವನ್ನೇ ಕಟ್ಟಿಕೊಂಡು ಆ ವರ್ಷ ಅಕ್ಟೋಬರ್ 21ರಂದು ಅಮೆರಿಕದ ಒಂದು ದೊಡ್ಡ ಡಿಎನ್‌ಎಸ್ ಕಂಪನಿಯನ್ನು ಬೀಳಿಸಿದರು. ಟ್ವಿಟರ್, ನೆಟ್‌ಫ್ಲಿಕ್ಸ್ ಎಷ್ಟೋ ಜನಕ್ಕೆ ತೆರೆಯಲಿಲ್ಲ.

ಇವತ್ತೇ ಕ್ಯಾಮೆರಾ ಪಾಸ್‌ವರ್ಡ್ ಬದಲಾಯಿಸಿ. ಪೋರ್ಟ್ ಮುಚ್ಚಿಸಿ. ರೂಟರಿನಲ್ಲಿ ಯುಪಿಎನ್‌ಪಿ ಅಂತಿದ್ದರೆ ಅದನ್ನೂ ಆಫ್ ಮಾಡಿ, ಒಳಗಿರುವ ವಸ್ತುಗಳು ನಿಮ್ಮನ್ನು ಕೇಳದೆ ತಾವೇ ಬಾಗಿಲು ತೆರೆಯುವ ವ್ಯವಸ್ಥೆ ಅದು. ಹೊರಗಿನಿಂದ ನೋಡಲು ಕ್ಯಾಮೆರಾ ಕಂಪನಿಯ ಆಪ್ ಬಳಸಿ, ಅದಕ್ಕೊಂದು ಒಳ್ಳೆ ಪಾಸ್‌ವರ್ಡ್ ಇಡಿ. ಗೋಡೆ ಮೇಲಿನ ಕೋಡನ್ನು ಹರಿದು ಹಾಕಿ, ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ ಅದರ ಕೋಡ್ ಅಂಟಿಸಿ. ಗೆಸ್ಟಿಗೆ ಸೇರಿದವರಿಗೆ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಕಣದ ಕ್ಯಾಮೆರಾ, ಬಿಲ್ ಮಾಡುವ ಕಂಪ್ಯೂಟರ್ ಕಾಣುವುದಿಲ್ಲ. ಕೆಲವು ಬಾಕ್ಸಿನಲ್ಲಿ "ಒಳಗಿನ ನೆಟ್‌ವರ್ಕ್ ನೋಡಲು ಬಿಡಬೇಕೇ" ಅಂತ ಒಂದು ಟಿಕ್ ಇರುತ್ತದೆ, ಅದನ್ನು ತೆಗೆಯಿರಿ.

---

ಆಲ್ದೂರು_ತೋಟದವ · ಭಾನುವಾರ, ರಾತ್ರಿ 9:50

ಪಾಸ್‌ವರ್ಡ್ ಈಗಲೇ ಬದಲಾಯಿಸಿದೆ. ಪೋರ್ಟ್ ನಾಳೆ. ಇಲ್ಲಿ ಕರೆಂಟ್ ಹೋಗಿದೆ, ಇನ್ವರ್ಟರಿನಲ್ಲಿದ್ದೇನೆ.

---

ಕಲ್ಯಾಣನಗರದ_ಮೇಷ್ಟ್ರು · ಭಾನುವಾರ, ರಾತ್ರಿ 10:02

ನಾನು ಸಂಜೆ ಐದು ಪದದ ಹೊಸ ಪಾಸ್‌ವರ್ಡ್ ಇಟ್ಟೆ. ಅಡ್ಮಿನ್ ಬದಲಾಯಿತು, ಡಬ್ಲ್ಯುಪಿಎಸ್ ಆಫ್. ಮೋಡ್ ಡಬ್ಲ್ಯುಪಿಎ2 ಎಇಎಸ್. ಮೊಮ್ಮಗಳ ಕಾಲ್ ಇವತ್ತೂ ತುಂಡು ತುಂಡು. ಈಗ ತಾನೇ ನೋಡಿದೆ, ಹದಿಮೂರು ಇದೆ. ಅದರಲ್ಲಿ ನಮ್ಮದು ಐದು. ಮಲಗುವ ಹೊತ್ತು ಮೀರಿದೆ, ಆದರೆ ನಿದ್ದೆ ಬರುತ್ತಿಲ್ಲ.

---

ಸಾಲಗಾಮೆರಸ್ತೆ_ಲ್ಯಾಬ್ · ಭಾನುವಾರ, ರಾತ್ರಿ 10:10

ಸರ್, ಆ ಪಟ್ಟಿಯಲ್ಲಿ ಹೆಸರಿನ ಪಕ್ಕ ಬೇರೆ ಕಾಲಂ ಇದೆಯಾ? ಪೋರ್ಟ್ ಅಂತಲೋ, ಕನೆಕ್ಷನ್ ಅಂತಲೋ? ಇದ್ದರೆ ಎರಡು ಮೂರು ಸಾಲು ಇಲ್ಲಿ ಹಾಕಿ.

---

ಕಲ್ಯಾಣನಗರದ_ಮೇಷ್ಟ್ರು · ಭಾನುವಾರ, ರಾತ್ರಿ 10:24

ಪೋರ್ಟ್ ಅಂತ ಇದೆ. ನೋಡಿ ಬರೆಯುತ್ತಿದ್ದೇನೆ.

192.168.1.3, ರೆಡ್ಮಿ, ಎಸ್‌ಎಸ್‌ಐಡಿ1. ಇದು ನನ್ನದು.
192.168.1.4, ಟಿವಿ, ಎಸ್‌ಎಸ್‌ಐಡಿ1.
192.168.1.9, ವಿವೋ, ಲ್ಯಾನ್2.
192.168.1.11, ಹೆಸರಿಲ್ಲ, ಲ್ಯಾನ್2.
192.168.1.12, ಗ್ಯಾಲಕ್ಸಿ, ಲ್ಯಾನ್2.

ಉಳಿದವೂ ಹೀಗೇ. ನಮ್ಮ ಐದಕ್ಕೆ ಎಸ್‌ಎಸ್‌ಐಡಿ, ಬೇರೆ ಎಂಟಕ್ಕೂ ಲ್ಯಾನ್2.

---

ಏಣಿ_ಹತ್ತುವವ · ಭಾನುವಾರ, ರಾತ್ರಿ 10:27

ಅಯ್ಯೋ ಸಾರ್! ಲ್ಯಾನ್ ಅಂದರೆ ವೈರು. ವಿವೋ ಫೋನಿಗೆ ಯಾರು ವೈರ್ ಚುಚ್ಚುತ್ತಾರೆ?

---

ಸಾಲಗಾಮೆರಸ್ತೆ_ಲ್ಯಾಬ್ · ಭಾನುವಾರ, ರಾತ್ರಿ 10:31

ಅದೇ. ಎಸ್‌ಎಸ್‌ಐಡಿ ಅಂತ ತೋರಿಸುವುದು ಈ ಬಾಕ್ಸಿನ ವೈಫೈಗೆ ಸೇರಿದವರನ್ನ. ಲ್ಯಾನ್2 ಅಂದರೆ ಬಾಕ್ಸಿನ ಹಿಂದಿನ ಎರಡನೇ ತೂತಿಗೆ ಹಾಕಿದ ವೈರಿನ ಕಡೆಯಿಂದ ಬಂದವರು. ಎಂಟು ಫೋನು ಒಂದು ವೈರಿನಿಂದ ಬರಬೇಕಾದರೆ ಆ ವೈರಿನ ಇನ್ನೊಂದು ತುದಿಯಲ್ಲಿ ಇನ್ನೊಂದು ವೈಫೈ ಇದೆ. ನೀವು ಈ ಬಾಕ್ಸಿನ ವೈಫೈಗೆ ಎಷ್ಟು ಪಾಸ್‌ವರ್ಡ್ ಬದಲಾಯಿಸಿದರೂ ಅದಕ್ಕೆ ತಟ್ಟುವುದಿಲ್ಲ. ಅದರ ಹೆಸರು ಬೇರೆ, ಪಾಸ್‌ವರ್ಡ್ ಬೇರೆ. ನೀವು ಶನಿವಾರ ಬದಲಾಯಿಸಿದಾಗ ನಿಮ್ಮ ಐದೂ ಕಟ್ ಆಗಿ ಮತ್ತೆ ಸೇರಿಸಬೇಕಾಯಿತು ಅಲ್ವಾ? ಅವರದ್ದು ಅಲ್ಲಾಡಿರಲಿಲ್ಲ.

ಬೆಳಿಗ್ಗೆ ಆ ವೈರ್ ಹಿಡಿದುಕೊಂಡು ಹೋಗಿ. ಈಗ ಬೇಡ, ಕತ್ತಲಲ್ಲಿ ಏಣಿ ಗೀಣಿ ಹತ್ತಬೇಡಿ.

---

ಕಲ್ಯಾಣನಗರದ_ಮೇಷ್ಟ್ರು · ಸೋಮವಾರ, ಬೆಳಿಗ್ಗೆ 8:45

ಸಿಕ್ಕಿತು.

ಟಿವಿ ಸ್ಟ್ಯಾಂಡಿನ ಹಿಂದಿನಿಂದ ಒಂದು ಬೂದಿ ಬಣ್ಣದ ವೈರು ಕಿಟಕಿ ಚೌಕಟ್ಟಿನ ತೂತಿನಿಂದ ಹೊರಗೆ ಹೋಗಿದೆ. ಅದು ಹಳೇ ಡಿಶ್ ವೈರು ಅಂದುಕೊಂಡಿದ್ದೆ. ಮಳೆ ನೀರಿನ ಪೈಪಿನ ಜೊತೆ ಮೇಲೆ ಹೋಗಿ, ಮಹಡಿ ಮೆಟ್ಟಿಲ ತಿರುವಿನಲ್ಲಿ ಸಜ್ಜೆಯ ಮೇಲೆ ನಿಂತಿದೆ. ಅಲ್ಲಿ ಒಂದು ಪ್ಲಾಸ್ಟಿಕ್ ಕವರು. ಒಳಗೆ ಎರಡು ಕೊಂಬಿನ ಹಳೇ ರೂಟರು. ಕವರಿನ ಮೇಲೆ ಹಲ್ಲಿ ಮೊಟ್ಟೆ, ಒಳಗೆ ಹಸಿರು ದೀಪ ಪಿಳಿಪಿಳಿ ಅನ್ನುತ್ತಿದೆ. ಮೆಟ್ಟಿಲ ದೀಪದ ಪ್ಲಗ್ಗಿಗೆ ಹಾಕಿದ್ದಾರೆ, ಅದು ನಮ್ಮ ಮೀಟರೇ.

ಮಗನಿಗೆ ಫೋನ್ ಮಾಡಿದೆ. ಅರ್ಧ ನಿಮಿಷ ಸುಮ್ಮನಿದ್ದ. 2020ರ ಲಾಕ್‌ಡೌನಿನಲ್ಲಿ ಅವನು ಇಲ್ಲಿಂದಲೇ ಆಫೀಸ್ ಕೆಲಸ ಮಾಡುವಾಗ ಮಹಡಿಗೆ ಸಿಗ್ನಲ್ ಬರಲಿ ಅಂತ ಅವನೇ ಇಟ್ಟದ್ದಂತೆ. ಪಾಸ್‌ವರ್ಡ್ ಏನಿಟ್ಟಿದ್ದೆ ಅಂದರೆ "ನಿನ್ನ ನಂಬರೇ ಅಪ್ಪ, ನಿನಗೆ ಮರೆಯಬಾರದು ಅಂತ" ಅಂದ. ಆ ನಂಬರ್ ನಾನೇ ಬೋರ್ಡಿಗೆ ಕೆಂಪು ಬಣ್ಣದಲ್ಲಿ ಬರೆಸಿ ಗೇಟಿಗೆ ಕಟ್ಟಿದ್ದೇನೆ. ಪಕ್ಕದ ಪಿಜಿ ಕಾಂಪೌಂಡು ಆ ಸಜ್ಜೆಯಿಂದ ಹತ್ತಡಿ.

ಏಳನೇ ನಂಬರ್ ರೂಮಿನ ಹುಡುಗ ಹೇಳಿದ್ದು ಸರಿಯಾಗಿತ್ತು, ರೂಟರ್ ಮಾತ್ರ ಬೇರೆ.

---

ರೂಮ್_ನಂಬರ್_7 · ಸೋಮವಾರ, ಬೆಳಿಗ್ಗೆ 9:02

ಸಾರ್, ನಾನು ಹಾಸನದವನು. ಆ ಪಿಜಿ ನನ್ನದಲ್ಲ. ಇದನ್ನ ಸ್ಪಷ್ಟವಾಗಿ ಹೇಳುತ್ತಿದ್ದೇನೆ.

---

ಬೇಲೂರು_ಲೋಕಲ್ · ಸೋಮವಾರ, ಬೆಳಿಗ್ಗೆ 9:10

ಹಾಗಾದರೆ ಮೇಷ್ಟ್ರು ಐದು ವರ್ಷ ಹಲ್ಲಿಗೂ ವೈಫೈ ಕೊಟ್ಟಿದ್ದಾರೆ.

---

ಸಾಲಗಾಮೆರಸ್ತೆ_ಲ್ಯಾಬ್ · ಸೋಮವಾರ, ಮಧ್ಯಾಹ್ನ 1:15

ನಿಮ್ಮ ಮಗ ಕೆಲಸ ನೀಟಾಗಿ ಮಾಡಿದ್ದಾರೆ ಸರ್, ಅದೇ ತೊಂದರೆಯಾಗಿದ್ದು. ಮೇಲಿನ ರೂಟರಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಬರೀ ವೈಫೈ ಹರಡಲು ಬಿಟ್ಟಿದ್ದಾರೆ. ಹಾಗಾಗಿ ಮೇಲೆ ಸೇರಿದವರೂ ಕೆಳಗಿನ ಬಾಕ್ಸಿನಿಂದಲೇ ವಿಳಾಸ ಪಡೆಯುತ್ತಿದ್ದರು, ನಿಮ್ಮ ಪಟ್ಟಿಯಲ್ಲಿ ಕಂಡರು. ಅದನ್ನು ಆಫ್ ಮಾಡದೆ ಇನ್ನೊಂದು ರೀತಿ ಜೋಡಿಸಿದ್ದರೆ ನಿಮಗೆ ಲ್ಯಾನ್2ನಲ್ಲಿ ಒಂದೇ ಒಂದು ವಸ್ತು ಕಾಣುತ್ತಿತ್ತು. ಎಂಟು ಜನ ಅದರ ಹಿಂದೆ ಅಡಗಿರುತ್ತಿದ್ದರು. ಆಗ ನಾವು ಇನ್ನೂ ವಾರ ಒದ್ದಾಡುತ್ತಿದ್ದೆವು.

ಹಾಗೆಯೇ ಅವರು ನಿಮ್ಮ ಒಳಗಿನ ನೆಟ್‌ವರ್ಕಿನಲ್ಲೇ ಇದ್ದರು ಅನ್ನುವುದನ್ನು ಮರೆಯಬೇಡಿ. ಗೇಟಿನ ಕ್ಯಾಮೆರಾ ಪಾಸ್‌ವರ್ಡನ್ನೂ ಬದಲಾಯಿಸಿ.

---

ಕಲ್ಯಾಣನಗರದ_ಮೇಷ್ಟ್ರು · ಸೋಮವಾರ, ರಾತ್ರಿ 9:40

ಮಧ್ಯಾಹ್ನ ವೈರ್ ಕಿತ್ತೆ. ಮೊಮ್ಮಗಳ ಮುಖ ಇವತ್ತು ಪೂರ್ತಿ ಕಂಡಿತು, ಮುಂದಿನ ಹಲ್ಲು ಬಿದ್ದಿದೆ. ಪಟ್ಟಿಯಲ್ಲಿ ಐದು.

ಸಂಜೆ ಏಳಕ್ಕೆ ಗೇಟಿನ ಹತ್ತಿರ ಇಬ್ಬರು ಹುಡುಗರು ಬಂದಿದ್ದರು. "ಸಾರ್, ನಿಮ್ಮ ಮನೆ ನೆಟ್ ಇದೆಯಾ?" ಅಂತ ಕೇಳಿದರು. ಇದೆಯಲ್ಲ, ಯಾಕೆ ಅಂದೆ. ಒಬ್ಬನ ಮುಖ ಇನ್ನೊಬ್ಬ ನೋಡಿಕೊಂಡು "ಸುಮ್ನೆ ಕೇಳಿದ್ವಿ ಸಾರ್" ಅಂದರು. ಆಮೇಲೆ ದೊಡ್ಡವನು ತಲೆ ಕೆರೆದುಕೊಂಡು, ತಿಂಗಳಿಗೆ ಎಲ್ಲ ಸೇರಿ ದುಡ್ಡು ಕೊಡುತ್ತೇವೆ, ಕೊಡುತ್ತೀರಾ ಅಂದ. ಬೇಡಪ್ಪ, ನಿಮ್ಮ ಪಿಜಿಯವರನ್ನೇ ಲೈನ್ ಹಾಕಿಸಲು ಕೇಳಿ ಅಂದೆ. ಏಣಿಯವರು ಹೇಳಿದ ನವಿ ಮುಂಬೈ ಕಥೆ ತಲೆಯಲ್ಲಿತ್ತು. ಹೆಂಡತಿ ಒಳಗಿನಿಂದ ಚಕ್ಕುಲಿ ತಂದುಕೊಟ್ಟಳು. ನನಗೆ ಸಿಟ್ಟು ಬಂದಿತ್ತೋ ಪಾಪ ಅನ್ನಿಸಿತ್ತೋ ಈಗಲೂ ಗೊತ್ತಿಲ್ಲ.

ಹಳೇ ರೂಟರನ್ನು ಗುಜರಿಗೆ ಹಾಕಬಹುದಾ?

---

ಏಣಿ_ಹತ್ತುವವ · ಸೋಮವಾರ, ರಾತ್ರಿ 10:05

ಹಾಗೇ ಹಾಕಬೇಡಿ ಸಾರ್. ಅದರೊಳಗೆ ವೈಫೈ ಪಾಸ್‌ವರ್ಡ್ ಇರುತ್ತದೆ. ಮೊದಲು ಮುಖ್ಯ ಲೈನಿಗೆ ಬಳಸಿದ್ದರೆ ಆ ಲೈನಿನ ಯೂಸರ್ ಹೆಸರು, ಪಾಸ್‌ವರ್ಡೂ ಇರುತ್ತದೆ. ಹಿಂದೆ ರೀಸೆಟ್ ಅಂತ ಸಣ್ಣ ತೂತಿರುತ್ತದೆ ನೋಡಿ. ಕರೆಂಟಿಗೆ ಹಾಕಿ, ದೀಪ ಬಂದ ಮೇಲೆ ಪಿನ್ನಿನಿಂದ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಎಲ್ಲ ದೀಪ ಒಮ್ಮೆ ಆರಿ ಮತ್ತೆ ಹತ್ತಿದರೆ ಒಳಗಿನದೆಲ್ಲ ಅಳಿಸಿದೆ ಅಂತ ಅರ್ಥ. ಈಗಿನ ಬಾಕ್ಸಿಗೆ ಮಾತ್ರ ಈ ಪ್ರಯೋಗ ಮಾಡಬೇಡಿ, ಲೈನೇ ಹೋಗಿ ನಮ್ಮಂಥವರು ಬರಬೇಕಾಗುತ್ತದೆ.

---

ಆಲ್ದೂರು_ತೋಟದವ · ಮಂಗಳವಾರ, ಬೆಳಿಗ್ಗೆ 7:30

ಪೋರ್ಟ್ ಮುಚ್ಚಿಸಿದೆ, ಗೆಸ್ಟ್ ಮಾಡಿಸಿದೆ. ಈಗ ಹೊಸ ರಗಳೆ. ಹಾಲಿನಲ್ಲಿರುವ ಟಿವಿಗೆ ಗೆಸ್ಟುಗಳು ಫೋನಿನಿಂದ ವಿಡಿಯೋ ಹಾಕಲಾಗುತ್ತಿಲ್ಲ ಅಂತ ಬೆಳಿಗ್ಗೆಯೇ ದೂರು.

---

ಸಾಲಗಾಮೆರಸ್ತೆ_ಲ್ಯಾಬ್ · ಮಂಗಳವಾರ, ಬೆಳಿಗ್ಗೆ 8:10

ಟಿವಿಯನ್ನೂ ಗೆಸ್ಟ್ ನೆಟ್‌ವರ್ಕಿಗೇ ಸೇರಿಸಿ. ಅದು ಅವರಿಗಾಗಿಯೇ ಇರುವ ಟಿವಿ ತಾನೇ. ಆಮೇಲೂ ಆಗದಿದ್ದರೆ ಗೆಸ್ಟ್ ಸೆಟ್ಟಿಂಗಿನಲ್ಲಿ "ಐಸೊಲೇಷನ್" ಅಂತ ಇರುತ್ತದೆ. ಗೆಸ್ಟುಗಳ ಫೋನುಗಳು ಒಂದಕ್ಕೊಂದು ಕಾಣದ ಹಾಗೆ ಮಾಡುವುದು ಅದು. ಅದು ಆನ್ ಇದ್ದರೆ ಫೋನಿಗೆ ಟಿವಿಯೂ ಕಾಣುವುದಿಲ್ಲ. ಆಫ್ ಮಾಡಿದರೆ ಟಿವಿ ಕೆಲಸ ಮಾಡುತ್ತದೆ, ಆದರೆ ಒಬ್ಬ ಗೆಸ್ಟಿನ ಲ್ಯಾಪ್‌ಟಾಪು ಇನ್ನೊಬ್ಬರಿಗೆ ಕಾಣುತ್ತದೆ. ನಾನಾಗಿದ್ದರೆ ಐಸೊಲೇಷನ್ ಆನ್ ಇಟ್ಟು, ಟಿವಿಗೆ ಒಂದು ಎಚ್‌ಡಿಎಂಐ ವೈರ್ ಇಳಿಬಿಡುತ್ತಿದ್ದೆ. ಆ ವೈರ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಬರೆದಿಟ್ಟುಕೊಳ್ಳಿ.